ಜಿಲ್ಲೆಗೇ ಮೊದಲು ಬಂದ ಮನೆ

ಚಿಕ್ಕಮಾದಮ್ಮನ ಕೈ ಸೇರಿದ ವಸ್ತು ಕೆಟ್ಟದ್ದನ್ನಾಗಲಿ ಕಳೆದದ್ದನ್ನಾಗಲಿ ನಮ್ಮೂರಿನಲ್ಲಿ ಕಂಡವರಿಲ್ಲ. ತಿರುಗಿ ಬಂದದ್ದನ್ನು ಕಂಡವರೂ ಕಡಿಮೆ.

ಆಕೆ ಮೂಗೂರಿನ ಹೆಣ್ಣು. ಹೆಮ್ಮರಗಾಲದಿಂದಲೂ ಇನ್ನಷ್ಟು ಒಳಕ್ಕಿರುವ ನಮ್ಮೂರಿಗೆ ಸೊಸೆಯಾಗಿ ಬಂದವಳು. ತನ್ನ ಧಾರೆಗೆ ಹಾಸಿದ್ದ ಚಾಪೆಯನ್ನೇ ಮಗನ ಧಾರೆಗೂ ಹಾಸಿದಳು. ತೀರಿಕೊಂಡ ಗಂಡನ ಛತ್ರಿಯ ಕಡ್ಡಿಗಳು ಹಿತ್ತಲ ಸೊಪ್ಪಿನ ಮಡಿಗೆ ಬೇಲಿಯಾಗಿ ನಿಂತು, ಆತ ಇದ್ದಾಗ ಮಾಡದಷ್ಟು ಸೇವೆ ಮಾಡುತ್ತಿದ್ದವು. ಹಿಂದಿನ ರಾಜರು ಕೋಟೆ ಕಾಯಲು ಆನೆ, ಕುದುರೆ, ಕಾಲಾಳು ಎಂದು ಏನೇನೋ ಸಾಕುತ್ತಿದ್ದರು. ಚಿಕ್ಕಮಾದಮ್ಮ ಸೊಂಟದ ಬೀಗದ ಕೈ ಗೊಂಚಲೊಂದರಿಂದಲೇ ರಾಜ್ಯ ನಡೆಸಿದಳು.

ಆ ಕೋಟೆ ಎಂದರೆ ಮಣ್ಣಿನ ಗೋಡೆ, ನಾಡಹೆಂಚಿನ ಮಾಡು, ಕಿಟಕಿಯಿಲ್ಲದ ನಡುಮನೆ. ಕೋಟೆಯ ಬೊಕ್ಕಸ ಎಂದರೆ ಕೊಟ್ಟಿಗೆಯ ಮೂಲೆಯ ಹಗೇವು. ಈಗಿನವರಿಗೆ ಹಗೇವು ಗೊತ್ತಿರಲಿಕ್ಕಿಲ್ಲ. ಬಾಯಿ ಕಿರಿದಾಗಿ, ಒಳಗೆ ಗುಡಾಣದ ಹಾಗೆ ಅಗಲಿಸಿ, ನೆಲದೊಳಕ್ಕೆ ಆಳು ಮುಳುಗುವಷ್ಟು ತೋಡಿದ ಕಣಜ ಅದು. ರಾಗಿ ಸುರಿದು, ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳು ಮುಟ್ಟುವುದಿಲ್ಲ. ಮೇಲೆ ಎಮ್ಮೆ ಕಟ್ಟಿಬಿಟ್ಟರೆ ನೆಂಟರೂ ಮುಟ್ಟುವುದಿಲ್ಲ. ಚಿಕ್ಕಮಾದಮ್ಮ ಎಮ್ಮೆ ಕಟ್ಟಿದ್ದಳು.

ನೆಂಟರೆಂದರೆ ಮುಖ್ಯವಾಗಿ ವಾರಗಿತ್ತಿ ಚಲುವಮ್ಮ, ಮೈದುನ ಸಿದ್ದರಾಜುವಿನ ಹೆಂಡತಿ. ಅಣ್ಣತಮ್ಮಂದಿರು ಪಾಲಾದಾಗ ಮನೆಯ ನಟ್ಟನಡುವೆ ಗೋಡೆ ಎದ್ದಿತು. ಹಗೇವು ಅಣ್ಣನ ಕಡೆಗೆ ಬಿತ್ತು. ಚಲುವಮ್ಮನ ಲೆಕ್ಕದಲ್ಲಿ ಅದು ಬಿದ್ದದ್ದಲ್ಲ, ಬೀಳಿಸಿದ್ದು. ಆದ್ದರಿಂದ ಆಕೆ ವರ್ಷಕ್ಕೊಮ್ಮೆಯಾದರೂ ಕುಕ್ಕೆ ಹಿಡಿದು ಬಂದು, "ಅಕ್ಕಾ, ಒಂದೀಟು ರಾಗಿ," ಎನ್ನುತ್ತಿದ್ದಳು. ಚಿಕ್ಕಮಾದಮ್ಮ ಪ್ರತಿಸಲವೂ ನಿಟ್ಟುಸಿರು ಬಿಟ್ಟು, "ಎಲ್ಲವ್ವ ರಾಗಿ, ಹಗೇವು ಬರಿದಾಗಿ ವರ್ಷಾನುಗಟ್ಲೆ ಆಯ್ತು. ಇಲಿ ಬಿದ್ರೂ ಉಪಾಸ ಸಾಯ್ತದೆ," ಎನ್ನುತ್ತಿದ್ದಳು. ಹೇಳುವಾಗ ಕಾಲ ಕೆಳಗೆ ರಾಗಿ ಕತ್ತಿನವರೆಗೆ ತುಂಬಿರುತ್ತಿತ್ತು.

ಕೋಟೆಗೆ ಹೊರಗಿನ ಶತ್ರು ಚಲುವಮ್ಮನಾದರೆ ಒಳಗಿನ ಶತ್ರು ಹೊಟ್ಟೆಯಲ್ಲಿ ಹುಟ್ಟಿದ ಮಧುಕುಮಾರ. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ. ಜೊತೆಯವರೆಲ್ಲ ತಾರಸಿ ಮನೆ ಕಟ್ಟಿ ಗೃಹಪ್ರವೇಶದ ಲಡ್ಡು ಹಂಚುತ್ತಿದ್ದರೆ, ಇವನು ಲಡ್ಡು ತಿಂದು ಬಂದು ಮಣ್ಣಿನ ಗೋಡೆ ನೋಡುತ್ತ ಮಲಗಬೇಕಾಗಿತ್ತು. ಹಳೆ ಮನೆ ಕೆಡವಿ, ಹಗೇವು ಮುಚ್ಚಿ, ಅದರ ಮೇಲೆ ಟೈಲ್ಸ್ ಹಾಕಿದ ಬಚ್ಚಲು ಕಟ್ಟಬೇಕೆಂಬುದು ಅವನ ಕನಸು.

"ನಾನು ಬದುಕಿರಗಂಟ ಒಂದು ಎಂಚೂ ಎತ್ತಂಗಿಲ್ಲ ಕಣ್ಲಾ," ಎಂದಿದ್ದಳು ತಾಯಿ. "ಆಮೇಲೆ ನೀನಾಯ್ತು, ನಿನ್ನ ಬಚ್ಚಲಾಯ್ತು."

ತಾಯಿಯ ಆರೋಗ್ಯ ಬಹಳ ಚೆನ್ನಾಗಿತ್ತು. ಮಗನಿಗೆ ಕಾಯುವುದು ಬಿಟ್ಟು ದಾರಿ ಇರಲಿಲ್ಲ.

ಪರಿಸ್ಥಿತಿ ಹೀಗಿರುವಾಗ, ತೊಂಬತ್ತೆಂಟನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ, ಒಂದು ಟಿವಿಎಸ್ ಗಾಡಿ ದೂಳೆಬ್ಬಿಸಿಕೊಂಡು ಊರಿಗೆ ಬಂದಿತು. ಅದರ ಮೇಲೆ ರಂಜಿನಿ ಎಂಬ ಹುಡುಗಿ, ಅವಳ ಬೆನ್ನಿಗೆ ಒಂದು ಚೀಲ, ಚೀಲದಲ್ಲಿ ಪ್ಲಾಸ್ಟಿಕ್ ಲೋಟಗಳು. ನಂಜನಗೂಡಿನ ಮೇಷ್ಟ್ರೊಬ್ಬರ ಮಗಳು. ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಜನ ವಾಸಿಸುವ ಮನೆಗಳೊಳಗೆ ವಿಕಿರಣ ಎಷ್ಟಿದೆ ಎಂದು ಅಳೆಯುವುದು ಅವಳ ಕೆಲಸ.

"ಏನು ಕೂಸೇ, ಲೋಟ ಮಾರಕ್ಕೆ ಬಂದಿದ್ಯಾ?" ಎಂದಳು ಚಿಕ್ಕಮಾದಮ್ಮ.

"ಮಾರೋದಲ್ಲ ಅಮ್ಮ, ಸುಮ್ನೆ ಕೊಡ್ತೀನಿ. ನಡುಮನೆ ತೊಲೆಗೆ ನೇತು ಹಾಕೋದು. ಮೂರು ತಿಂಗಳು ಕಳೆದ ಮೇಲೆ ಬಂದು ತಗೊಂಡು ಹೋಗ್ತೀನಿ."

"ಏನ ಇಡೀತದೆ ಇದು?"

ರಂಜಿನಿ ಜಗಲಿಯ ಮೇಲೆ ಕೂತು ವಿವರಿಸಿದಳು. ಭೂಮಿಯೊಳಗಿನಿಂದ ರೇಡಾನ್ ಎಂಬ ಅನಿಲ ಸದಾ ಮೇಲೆ ಬರುತ್ತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಾಸನೆಯಿಲ್ಲ. ಮನೆಯೊಳಗೆ ಜಾಸ್ತಿ ಸೇರಿಕೊಂಡರೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಲೋಟದ ತಳದಲ್ಲಿ ಉಗುರಿನಷ್ಟು ಫಿಲ್ಮು ಇದೆ, ಅದರ ಮೇಲೆ ವಿಕಿರಣದ ಗುರುತು ಬೀಳುತ್ತದೆ, ಲ್ಯಾಬಿನಲ್ಲಿ ಎಣಿಸುತ್ತೇವೆ.

ಕಾಣದೆ ಬಂದು ಮನೆ ಸೇರಿಕೊಳ್ಳುವವರ ವಿಷಯ ಚಿಕ್ಕಮಾದಮ್ಮನಿಗೆ ಹೊಸದಲ್ಲ. ಅವಳಿಗೆ ಹಿಡಿಸಿದ್ದು ರಂಜಿನಿ ಹೊರಡುವಾಗ ಹೇಳಿದ ಮಾತು: "ಅಮ್ಮ, ಸರ್ಕಾರದ ಸಾಮಾನು. ಇದಕ್ಕೆ ಏನೂ ಆಗದ ಹಾಗೆ ಜೋಪಾನವಾಗಿ ನೋಡ್ಕೊಬೇಕು."

ಜೋಪಾನ ಮಾಡುವುದನ್ನು ಚಿಕ್ಕಮಾದಮ್ಮನಿಗೆ ಹೇಳಿಕೊಡುವುದೆಂದರೆ ಕಪಿಲಾ ಹೊಳೆಗೆ ಹರಿಯುವುದನ್ನು ಹೇಳಿಕೊಟ್ಟ ಹಾಗೆ.

ಊರಿನ ಉಳಿದ ಲೋಟಗಳು ಸಾಮಾನ್ಯರ ಲೋಟಗಳು ಬದುಕುವ ಹಾಗೆ ಬದುಕಿದವು. ಒಂದರಲ್ಲಿ ಗುಬ್ಬಿ ಹುಲ್ಲು ತುಂಬಿತು. ಒಂದು ಅಡುಗೆಮನೆಗೆ ಇಳಿದು ಬಂದು ಉಪ್ಪಿನ ಲೋಟವಾಯಿತು. ಚಲುವಮ್ಮನ ಮನೆಯದು ನೇತು ಹಾಕಿದ ಕಡೆಯೇ ಇತ್ತು. ಆದರೆ ಯುಗಾದಿಗೆ ಸುಣ್ಣ ಬಳಿಯುವಾಗ ಸಿದ್ದರಾಜು ಅದಕ್ಕೂ ಎರಡು ಕೈ ಬಳಿದಿದ್ದ.

ಸುಣ್ಣ ಚಿಕ್ಕಮಾದಮ್ಮನ ಮನೆಗೂ ಬಂದಿತ್ತು. ಆದರೆ ಕುಂಚ ಎತ್ತುವ ಮೊದಲೇ ಆಕೆ ಲೋಟವನ್ನು ಬಿಚ್ಚಿಕೊಂಡಳು. ಎಲ್ಲಿ ಇಡುವುದು? ಅಟ್ಟದಲ್ಲಿ ಇಲಿ. ಪೆಟ್ಟಿಗೆಗೆ ಸೊಸೆ ಕೈ ಹಾಕುತ್ತಾಳೆ. ಸುಣ್ಣದ ಗಡಿಬಿಡಿಯಲ್ಲಿ ಚಲುವಮ್ಮ ಬೇರೆ ಒಳಗೆ ಹೊರಗೆ ಓಡಾಡುತ್ತಾಳೆ. ಸರ್ಕಾರವೇ ನಂಬಿ ಕೊಟ್ಟ ವಸ್ತುವಿಗೆ ತಕ್ಕ ಜಾಗ ಭೂಮಿಯ ಮೇಲೆ ಇರಲಿಲ್ಲ. ಮಗ ಕೆಲಸಕ್ಕೂ ಸೊಸೆ ತವರಿಗೂ ಹೋಗಿದ್ದ ಹೊತ್ತು ನೋಡಿ ಎಮ್ಮೆ ಬಿಚ್ಚಿದಳು, ಮೆತ್ತಿದ ಮಣ್ಣು ಕೆರೆದು ಹಾರೆಯಿಂದ ಚಪ್ಪಡಿ ಮೀಟಿದಳು. ಹಗೇವಿನ ಬಿಸಿಗಾಳಿ ಆರುವವರೆಗೆ ಪಕ್ಕಕ್ಕೆ ಮುಖ ತಿರುಗಿಸಿ ಕೂತಿದ್ದು, ಹುರಿಯಲ್ಲಿ ಲೋಟವನ್ನು ರಾಗಿಗೆ ತಾಗದಂತೆ ಇಳಿಬಿಟ್ಟು, ಮತ್ತೆ ಚಪ್ಪಡಿ ಎಳೆದು ಮಣ್ಣು ಮೆತ್ತಿ ಎಮ್ಮೆ ಕಟ್ಟಿದಳು. ಸುಣ್ಣ ಒಣಗಿದ ಮೇಲೂ ತೆಗೆಯಲಿಲ್ಲ. ಅಷ್ಟು ಚೆನ್ನಾಗಿ ಕೂತ ವಸ್ತುವನ್ನು ಯಾಕೆ ಅಲ್ಲಾಡಿಸಬೇಕು? ರಂಜಿನಿ ಬರುತ್ತಾಳೆಂದು ಸುದ್ದಿ ಬಂದಾಗ ತೆಗೆದು, ಸೆರಗಿನಿಂದ ಒರೆಸಿ, ಅದೇ ತೊಲೆಗೆ ಅದೇ ಗಂಟು ಹಾಕಿ ತೂಗುಬಿಟ್ಟಳು.

ಹುಲ್ಲು ತುಂಬಿದ ಲೋಟ, ಉಪ್ಪಿನ ಲೋಟ, ಸುಣ್ಣದ ಲೋಟ ಎಲ್ಲವನ್ನೂ ನೋಡಿ ಅಳುವ ಹಂತಕ್ಕೆ ಬಂದಿದ್ದ ರಂಜಿನಿ, ಚಿಕ್ಕಮಾದಮ್ಮನ ತೊಲೆಯ ಕೆಳಗೆ ನಿಂತಾಗ ಕೈ ಮುಗಿಯುವುದೊಂದು ಬಾಕಿ.

"ಇಡೀ ತಾಲೂಕಲ್ಲಿ ಹೇಳಿದ ಹಾಗೆ ಇಟ್ಟಿರೋರು ನೀವೊಬ್ಬರೇ ಅಮ್ಮ. ಇದನ್ನ ಕಣ್ಣು ಮುಚ್ಚಿಕೊಂಡು ನಂಬಬಹುದು."

"ನಂಬು ಕೂಸೇ," ಎಂದಳು ಚಿಕ್ಕಮಾದಮ್ಮ. ಅದರಲ್ಲಿ ಅವಳಿಗೆ ಸುಳ್ಳೇನೂ ಕಾಣಲಿಲ್ಲ.

ಆ ಮೇ ತಿಂಗಳಲ್ಲಿ ದೇಶದವರು ಅತ್ತ ರಾಜಸ್ಥಾನದ ಮರಳುಗಾಡಿನಲ್ಲಿ ಅಣುಬಾಂಬು ಸಿಡಿಸಿದರು. ನಮ್ಮೂರಿನ ಟೀ ಅಂಗಡಿಯಲ್ಲಿ ಎಲ್ಲರೂ ವಿಜ್ಞಾನಿಗಳಾದರು. ಜೂನ್ ಮೊದಲ ವಾರ ರಂಜಿನಿ ಗಾಡಿ ಮತ್ತೆ ಬಂದಾಗ ಮುಖದಲ್ಲಿ ಗಾಬರಿ ಇತ್ತು. ಜಗಲಿಯಲ್ಲಿ ತಾಯಿ, ಮಗ, ಗೋಡೆಯಾಚೆಯಿಂದ ತಾನೇ ಬಂದು ಸೇರಿಕೊಂಡ ಚಲುವಮ್ಮ ಎಲ್ಲರೂ ಕೂತರು.

"ಅಮ್ಮ, ನಿಮ್ಮ ಮನೇಲಿ ತುಂಬಾ ಜಾಸ್ತಿ ಬಂದಿದೆ. ನಾವು ಜಿಲ್ಲೆಯಲ್ಲಿ ನೋಡಿರೋ ಎಲ್ಲಾ ಮನೆಗಿಂತ ಜಾಸ್ತಿ."

"ಜಿಲ್ಲೆಗೇ ಮೊದಲಾ?" ಎಂದಳು ಚಿಕ್ಕಮಾದಮ್ಮ, ಸೆರಗು ಸರಿಮಾಡಿಕೊಂಡು.

"ಎರಡನೇ ಮನೆ ಹತ್ತಿರಕ್ಕೂ ಬಂದಿಲ್ಲ."

ಚಲುವಮ್ಮನಿಗೆ ತಡೆಯಲಾಗಲಿಲ್ಲ. "ನಮ್ದು ಎಷ್ಟು ಬಂದದೆ ಮೇಡಮ್ಮು?"

"ನಿಮ್ಮ ಲೋಟಕ್ಕೆ ಸುಣ್ಣ ಆಗಿತ್ತಲ್ಲ, ಲೆಕ್ಕಕ್ಕೆ ತಗೊಂಡಿಲ್ಲ. ಬಹುಶಃ ಮಾಮೂಲಿ ಇರಬಹುದು."

"ಒಂದೇ ಮನೆ, ಒಂದೇ ತೊಲೆ, ನಡುವೆ ಒಂದು ಗೋಡೆ. ಅವರಿಗೆ ಅಷ್ಟು, ನಮಗೆ ಮಾಮೂಲಿ. ಪಾಲು ಮಾಡುವಾಗ್ಲೂ ಇಂಗೇ ಆಗಿದ್ದು," ಎಂದು ಚಲುವಮ್ಮ ಕಣ್ಣೊರೆಸಿಕೊಂಡಳು.

ಜಾಸ್ತಿ ಬಂದರೆ ಒಳ್ಳೆಯದಲ್ಲ, ಕೆಟ್ಟದ್ದು ಎಂದು ರಂಜಿನಿ ತಿಳಿಸಿ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಚಲುವಮ್ಮ ತನ್ನ ಪಾಲಿನ ಹಕ್ಕು ಬಿಟ್ಟುಕೊಟ್ಟು, ಅಕ್ಕನಿಂದ ಒಂದು ಮೊಳ ದೂರ ಸರಿದು ಕೂತಳು.

"ಬಾಂಬಿನ ದೂಳು ಇರಬೌದಾ?" ಎಂದ ಮಧುಕುಮಾರ. ಅವನ ಕಣ್ಣಲ್ಲಿ ಆಗಲೇ ಟೈಲ್ಸು ಹೊಳೆಯುತ್ತಿದ್ದವು.

"ಇಲ್ಲ, ನಾವು ಅಳೆದಿದ್ದು ಅದಕ್ಕಿಂತ ಮುಂಚೆ. ಇದು ಮಣ್ಣಿಂದಲೇ ಬರೋದು. ಗಾಳಿ ಆಡೋ ಕಡೆ ಚದುರಿಹೋಗುತ್ತೆ. ನೆಲದೊಳಗೆ, ಮುಚ್ಚಿಟ್ಟ ಗುಂಡಿ, ಸುರಂಗ ಅಂಥ ಕಡೆ ಈ ಮಟ್ಟಕ್ಕೆ ಸೇರಿಕೊಳ್ಳೋದು ಉಂಟು. ಮನೆಯೊಳಗೆ ಇಷ್ಟು ಹೇಗೆ ಅಂತಲೇ ಅರ್ಥ ಆಗ್ತಿಲ್ಲ."

ಜಗಲಿಯಲ್ಲಿ ಒಬ್ಬಳಿಗೆ ಮಾತ್ರ ಅರ್ಥವಾಯಿತು. ಆಕೆ ಎದ್ದು, ಎಮ್ಮೆಗೆ ಹುಲ್ಲು ಹಾಕಬೇಕೆಂದು ಕೊಟ್ಟಿಗೆಗೆ ಹೋದಳು.

ಮಗ ಆಮೇಲೆ ಮೈಮರೆಯಲಿಲ್ಲ. ವರ್ಷಗಟ್ಟಲೆ ಬೇಡಿದರೂ ಸಿಗದ ವರ ತಾನೇ ಟಿವಿಎಸ್ ಗಾಡಿಯಲ್ಲಿ ಬಂದಿತ್ತು. ಮನೆ ಮನೆಗೆ ಹೋಗಿ, "ನಾನಲ್ಲ, ಸೈಂಟಿಸ್ಟೇ ಯೋಳವ್ರೆ," ಎಂದ. ಮನೆ ಕೆಡವಿ ಎಂದು ರಂಜಿನಿ ಎಲ್ಲೂ ಹೇಳಿರಲಿಲ್ಲ. ಸದ್ಯಕ್ಕೆ ಬಾಗಿಲು ತೆಗೆದಿಡಿ, ನಾನು ಬೇರೆ ಯಂತ್ರ ತಂದು ಮತ್ತೊಮ್ಮೆ ನೋಡುತ್ತೇನೆ ಎಂದಿದ್ದಳು. ಆದರೆ ಆಷಾಢ ಹತ್ತಿರ ಬರುತ್ತಿತ್ತು, ಆಷಾಢದಲ್ಲಿ ಮನೆ ಕೆಲಸ ಶುರು ಮಾಡುವಂತಿಲ್ಲ. ವಿಜ್ಞಾನಕ್ಕೆ ಪುರುಸೊತ್ತು ಇರಬಹುದು, ಪಂಚಾಂಗಕ್ಕೆ ಇಲ್ಲ. ಅವನು ತಿರುಮಕೂಡಲಿನಿಂದ ಶಂಭುಲಿಂಗಪ್ಪ ಎಂಬ ಮೇಸ್ತ್ರಿಯನ್ನು ಕರೆಸಿ ಟೇಪು ಹಿಡಿಸಿದ.

ಊರಿನವರು ಚಿಕ್ಕಮಾದಮ್ಮನ ಮನೆಯಲ್ಲಿ ಮಜ್ಜಿಗೆ ಕುಡಿಯುವುದನ್ನು ಬಿಟ್ಟರು. ಇದರಿಂದ ಆಕೆಗೆ ಬೇಸರವಾಯಿತೆಂದು ಹೇಳಲಾರೆ, ಮಜ್ಜಿಗೆ ಉಳಿಯಿತು. ಅವಳ ಸಂಕಟ ಬೇರೆ. ಬಾಯಿ ಬಿಟ್ಟರೆ ಮನೆ ಉಳಿಯುತ್ತದೆ, ಆದರೆ ಲೋಟ ಎಲ್ಲಿತ್ತೆಂದು ಹೇಳಬೇಕು. ಲೋಟ ಎಲ್ಲಿತ್ತೆಂದರೆ ಹಗೇವು ತೋರಿಸಬೇಕು. ಹಗೇವು ತೋರಿಸಿದರೆ ಇಷ್ಟು ವರ್ಷಗಳ ಬರಿದು ಎಲ್ಲರ ಕಣ್ಣಿಗೂ ತುಂಬಿ ಕಾಣುತ್ತದೆ. ಬಾಯಿ ಮುಚ್ಚಿಕೊಂಡರೆ ಮನೆಯೂ ಹೋಗುತ್ತದೆ, ಹಗೇವೂ ಬಚ್ಚಲಾಗುತ್ತದೆ. ಮಹಾವೀರರಿಗೂ ಇಂಥ ಇಕ್ಕಟ್ಟು ಬಂದದ್ದುಂಟು. ಆದರೆ ಅವರಿಗೆ ಉಪದೇಶಕ್ಕೆ ಯಾರಾದರೂ ಇರುತ್ತಿದ್ದರು. ಇವಳಿಗೆ ಇದ್ದದ್ದು ಎಮ್ಮೆ.

"ಅವ್ವ, ಯಾಕಿಂಗೆ ಮಂಕಾಗಿದ್ದೀಯ? ಒಸ ಮನೇಲಿ ನಿಂಗೇ ಒಂದು ರೂಮು ಮಾಡಿಸ್ತೀನಿ," ಎಂದ ಮಗ.

"ಕೊಟ್ಗೆ ಮಾಡಿಸ್ತೀಯೇನ್ಲಾ?"

"ಕೊಟ್ಗೆ ಯಾಕವ್ವ, ಎಮ್ಮೆ ಮಾರ್ಬುಡದಲ್ವಾ."

ಚಿಕ್ಕಮಾದಮ್ಮ ಆ ಹೊತ್ತು ಊಟ ಬಿಟ್ಟಳು.

ಆಷಾಢಕ್ಕೆ ಇನ್ನು ಸ್ವಲ್ಪವೇ ಇರುವಾಗ, ಒಂದು ಬೆಳಗ್ಗೆ ಶಂಭುಲಿಂಗಪ್ಪನ ಆಳುಗಳು ಮಾಡು ಹತ್ತಿದರು. ಊರು ಅರ್ಧ ಬೀದಿಯಲ್ಲಿ ನಿಂತಿತ್ತು. ಅದೇ ಹೊತ್ತಿಗೆ ರಂಜಿನಿಯೂ ಬಂದಿಳಿದಳು, ಈ ಸಲ ಟಿಕ್ ಟಿಕ್ ಎನ್ನುವ ಯಂತ್ರ ಹಿಡಿದು. ನಡುಮನೆಯಲ್ಲಿ ಹಿಡಿದಳು, ಟಿಕ್ ಟಿಕ್ ಎಂದಿತು. ಚಲುವಮ್ಮನ ಮನೆಯಲ್ಲಿ ಹಿಡಿದಳು, ಅಷ್ಟೇ ಎಂದಿತು. ಬೀದಿಯಲ್ಲಿ, ಶಂಭುಲಿಂಗಪ್ಪನ ಹೊಟ್ಟೆಯ ಮುಂದೆ ಹಿಡಿದಾಗಲೂ ಅಷ್ಟೇ.

"ಸ್ವಲ್ಪ ನಿಲ್ಲಿಸಿ, ಏನೋ ಹೊಂದ್ತಾ ಇಲ್ಲ," ಎಂದಳು ರಂಜಿನಿ.

"ನಿಮ್ಮ ಯಂತ್ರ ಕೆಟ್ಟಿರ್ಬೇಕು ಕಣ್ರೀ. ನೀವೇ ಅಲ್ವಾ ಜಿಲ್ಲೆಗೇ ಮೊದಲು ಅಂದಿದ್ದು?" ಎಂದು ಮಧುಕುಮಾರ ಮೇಲಕ್ಕೆ ತಿರುಗಿ, "ನೀವು ತೆಗೀರ್ಲಾ," ಎಂದ.

ಮೊದಲ ಹೆಂಚು ಕೆಳಗಿಳಿಯಿತು. ಎರಡನೆಯದು ಕೈಜಾರಿ ಬಿದ್ದು ಚೂರಾಯಿತು. ಮದುವೆಯ ಚಾಪೆಯನ್ನೇ ಚೂರಾಗಲು ಬಿಡದವಳ ಮುಂದೆ ಹೆಂಚು ಚೂರಾಯಿತು.

"ಇಳೀರ್ಲಾ ಕೆಳಕ್ಕೆ," ಎಂದಳು ಚಿಕ್ಕಮಾದಮ್ಮ. ಕೂಗಲಿಲ್ಲ, ಆದರೂ ಆಳುಗಳು ಇಳಿದರು. "ಬಾ ಕೂಸೇ. ನೀನು ಬಾ ಮದು. ಚಲುವಿ, ನೀನಂತೂ ಕರೀದಿದ್ರೂ ಬತ್ತೀಯ, ಬಾ."

ಕೊಟ್ಟಿಗೆಯಲ್ಲಿ ಎಮ್ಮೆ ಬಿಚ್ಚಿ, ಹಾರೆ ಹಾಕಿ ಚಪ್ಪಡಿ ಮೀಟಿದಳು. ಬಿಸಿಗಾಳಿ ಎದ್ದು ಬಂದು ಎಲ್ಲರ ಮುಖಕ್ಕೆ ಹೊಡೆಯಿತು.

"ಯುಗಾದಿಗೆ ಸುಣ್ಣ ಬೀಳ್ತದೆ ಅಂತ ನಿನ್ನ ಲೋಟವ ಇದರೊಳಗೆ ಮಡಗಿದ್ದೆ. ನೀನು ಬರಗಂಟ ಇಲ್ಲೇ ಇತ್ತು. ಜ್ವಾಪಾನ ಮಾಡು ಅಂದಿದ್ದೆಯಲ್ಲವ್ವ, ಮಾಡ್ದೆ."

ರಂಜಿನಿ ಹಗೇವಿನ ಬಾಯಿ ನೋಡಿದಳು, ಮುದುಕಿಯ ಮುಖ ನೋಡಿದಳು, ಹೊರಗೆ ಗೋಡೆಗೆ ಒರಗಿಸಿದ್ದ ಹೆಂಚು ನೋಡಿದಳು. ಅಲ್ಲೇ ಎಮ್ಮೆಗೆ ಹುಲ್ಲು ಹಾಕುವ ಗೊಂತಿನ ಕಟ್ಟೆಯ ಮೇಲೆ ಕೂತು ನಗತೊಡಗಿದಳು. ನಗುತ್ತಲೇ, "ಅಮ್ಮ, ನಮ್ಮ ಗೈಡ್‌ಗೆ ನಾನು ಇದನ್ನ ಹೇಗೆ ಹೇಳಲಿ," ಎಂದಳು. ಮುಂದೆ ಅವಳು ಇದೇ ಹಗೇವಿಗೆ ಬೇಕೆಂದೇ ಲೋಟ ಇಳಿಬಿಟ್ಟು, ಸುತ್ತಲ ಊರುಗಳ ಹಗೇವುಗಳನ್ನೂ ಅಳೆದು, ಎರಡು ಸಾವಿರದ ಎರಡರಲ್ಲಿ ಡಾಕ್ಟರೇಟ್ ಪಡೆದಳು. ಅಂದು ಕೊಟ್ಟಿಗೆಯಲ್ಲಿ ಮಾತ್ರ ಅವಳ ನಗುವಿನಲ್ಲಿ ಅಳು ಸ್ವಲ್ಪ ಬೆರೆತಿತ್ತು.

ಆದರೆ ಲೋಟದ ವಿಷಯ ಅಲ್ಲಿದ್ದ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಚಲುವಮ್ಮ ಹಗೇವಿನೊಳಗೆ ಬಗ್ಗಿ ನೋಡುತ್ತಿದ್ದಳು. ಅಲ್ಲಿ ಕೈಗೆ ಎಟಕುವಷ್ಟು ಮೇಲೆ, ಕೆಂಪಗೆ, ತಣ್ಣಗೆ, ರಾಗಿ ಮಲಗಿತ್ತು.

"ಅಕ್ಕಾ," ಎಂದಳು ಬಹಳ ಮೃದುವಾಗಿ, "ಇಲಿ ಯಾವ ಕಡೆ ಉಪಾಸ ಸಾಯ್ತಾ ಅದೆ, ಕಾಣ್ತಿಲ್ವಲ್ಲ."

ಚಿಕ್ಕಮಾದಮ್ಮ ಚಪ್ಪಡಿಯನ್ನು ಮತ್ತೆ ಎಳೆಯಲು ಹಾರೆಗೆ ಕೈ ಹಾಕಿದಳು. ಅವಳನ್ನು ಕಾಪಾಡಿದವನು ಮಗ. ಮನೆ ಕೈತಪ್ಪಿತೆಂಬ ಉರಿಯಲ್ಲಿ ಅವನು, "ಸರಿ, ಮನೆ ಇರ್ಲಿ. ಆದ್ರೆ ಆ ವಿಷವೆಲ್ಲ ಈ ಗುಂಡೀಲಿ ಅದೆ ಅಂತಾಯ್ತಲ್ಲ. ಈ ರಾಗಿ ಯಾರೂ ಮುಟ್ಬೇಡಿ. ಇವತ್ತೇ ಮಣ್ಣು ತುಂಬ್ಸಿ ಮುಚ್ಚಿಬುಡ್ತೀನಿ," ಎಂದ.

ಚಲುವಮ್ಮನ ಕೈ ಹಿಂದಕ್ಕೆ ಬಂತು.

"ಹಾಗೇನಿಲ್ಲ," ಎಂದಳು ರಂಜಿನಿ. "ಬಾಯಿ ತೆಗೆದಿಟ್ಟರೆ ಅನಿಲ ಹೊರಟುಹೋಗುತ್ತೆ. ರಾಗಿಗೆ ಏನೂ ಆಗಿಲ್ಲ, ಧಾರಾಳವಾಗಿ ತಿನ್ನಬಹುದು. ತೆಗೆದ ತಕ್ಷಣ ಒಳಗೆ ಇಳೀಬೇಡಿ ಅಷ್ಟೇ."

"ಮನೆ ವಿಷ ಅಂದ್ರಿ, ಈಗ ಅಲ್ಲ ಅಂತೀರಿ. ರಾಗಿ ಅಲ್ಲ ಅಂತೀರಿ, ನಾಳೆ ಔದು ಅಂತೀರಿ," ಎಂದ ಶಂಭುಲಿಂಗಪ್ಪ. ಕೆಲಸ ಕೈತಪ್ಪಿದ ಮೇಸ್ತ್ರಿಯ ಮಾತಿಗೆ ಊರು ತಲೆಯಾಡಿಸಿತು.

ಚಿಕ್ಕಮಾದಮ್ಮ ನಿಂತ ಕಡೆಯೇ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಈ ರಾಗಿಯನ್ನು ಊರಿನಲ್ಲಿ ಇನ್ನು ಯಾರೂ ಕೇಳುವುದಿಲ್ಲ, ಚಲುವಮ್ಮನಂತೂ ಕನಸಿನಲ್ಲೂ ಕೇಳುವುದಿಲ್ಲ. ಅಂಥ ಬೀಗ ಯಾವ ಅಂಗಡಿಯಲ್ಲೂ ಸಿಗದು. ಆದರೆ ಮಗ ಮಣ್ಣು ತುಂಬಿಸುತ್ತಾನೆ. ಬೀಗ ಭದ್ರವಾಗಿ, ಪೆಟ್ಟಿಗೆಯೇ ಹೋಗುತ್ತದೆ.

ಆಕೆ ಮೊರ ತಂದು ಹಗೇವಿನಿಂದ ರಾಗಿ ಮೊಗೆದಳು. ಊರು ನೋಡುತ್ತಿದ್ದ ಹಾಗೆಯೇ ಮೊರದಲ್ಲಿ ಕೇರಿ, ಬೀಸುವ ಕಲ್ಲಿಗೆ ಹಾಕಿ ಬೀಸಿದಳು. ಒಲೆ ಹಚ್ಚಿ ಎಸರಿಟ್ಟು ಮುದ್ದೆ ತೊಳಸಿ, ಬೀದಿಗೆ ಕಾಣುವಂತೆ ಜಗಲಿಯ ಮೇಲೆ ತಟ್ಟೆ ಇಟ್ಟುಕೊಂಡು ಕೂತಳು. ಉಪ್ಪೆಸರಿನಲ್ಲಿ ಅದ್ದಿ ಮೊದಲ ತುತ್ತು ಬಾಯಿಗಿಟ್ಟಾಗ ಬೀದಿಯಲ್ಲಿ ಉಸಿರಾಟ ನಿಂತಿತ್ತು. ಹಿಂದೆ ಸಮುದ್ರದಿಂದ ಎದ್ದ ವಿಷವನ್ನು ಕುಡಿದ ದೇವರು ಅದನ್ನು ಗಂಟಲಲ್ಲಿ ನಿಲ್ಲಿಸಿಕೊಂಡ. ಅವನ ಹೆಸರಿನಲ್ಲೇ ನಂಜನಗೂಡು ಇದೆ. ಚಿಕ್ಕಮಾದಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. ಪೂರಾ ನುಂಗಿ, ಬೆರಳು ನೆಕ್ಕಿ, ಇನ್ನೊಂದು ಮುದ್ದೆ ಹಾಕಿಕೊಂಡಳು.

"ಕೂಸೇ, ನಿಂಗೂ ಹಾಕ್ಲಾ?"

"ಹಾಕಿ ಅಮ್ಮ," ಎಂದು ರಂಜಿನಿ ಪಕ್ಕದಲ್ಲೇ ಕೂತಳು. ವಿಜ್ಞಾನಿ ಉಣ್ಣುವುದನ್ನು ಯಾರೂ ಅಷ್ಟಾಗಿ ಲಕ್ಷಿಸಲಿಲ್ಲ. ಎಲ್ಲರ ಕಣ್ಣು ಮುದುಕಿಯ ಮೇಲೆ.

ಚಲುವಮ್ಮ ತನ್ನ ಜಗಲಿಗೆ ಹೋಗಿ, ಕಡಲೆಕಾಯಿ ಸುಲಿಯುವ ನೆಪ ಮಾಡಿಕೊಂಡು ಸಂಜೆಯವರೆಗೂ ಅಕ್ಕನನ್ನು ನೋಡಿದಳು. ಅಕ್ಕ ಸಗಣಿ ಬಾಚಿದಳು, ಎಮ್ಮೆ ಕರೆದಳು, ಒಡೆದ ಹೆಂಚಿನ ಚೂರುಗಳನ್ನು ಆರಿಸಿ ಬಚ್ಚಲ ದಾರಿಗೆ ಹಾಸಿದಳು, ಮಗನನ್ನು ಎರಡು ಸಲ ಬೈದಳು. ಎರಡನೆಯ ಸಲದ ಬೈಗುಳ ಮೊದಲಿನದಕ್ಕಿಂತ ಗಟ್ಟಿಯಾಗಿತ್ತು. ಮಧುಕುಮಾರ ಮೇಸ್ತ್ರಿಯನ್ನು ಬಸ್ಸು ಹತ್ತಿಸಿ ಬಂದ. ಹಗೇವಿಗೆ ಮಣ್ಣು ಬೀಳಲಿಲ್ಲ. ಮನೆಯ ಮಾಡಿಗೆ ಎರಡು ಹೆಂಚು ಬಿದ್ದವು, ಅಷ್ಟೇ.

ಮಾರನೆಯ ದಿನ ಎಮ್ಮೆ ಕರೆಯುವ ಹೊತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ನೆರಳು ಬಿತ್ತು.

"ರಾತ್ರಿ ಒಟ್ಟೆಗಿಟ್ಟೆ ನೋವಾಯ್ತಾ ಅಕ್ಕಾ?"

"ಇಲ್ಲ ಕಣವ್ವ."

"ತಲೆ ಸುತ್ತೋದು?"

"ಇಲ್ಲ."

"ಸದ್ಯ," ಎಂದು ಚಲುವಮ್ಮ ಬೆನ್ನ ಹಿಂದೆ ಹಿಡಿದಿದ್ದ ಕುಕ್ಕೆಯನ್ನು ಮುಂದಕ್ಕೆ ತಂದಳು. ಅದು ಮನೆಬಳಕೆಯ ಕುಕ್ಕೆಯಲ್ಲ. ಮದುವೆ ಊಟಕ್ಕೆ ಅನ್ನ ತುಂಬುವುದಕ್ಕೆಂದು ಊರೆಲ್ಲ ಸೇರಿ ಮಾಡಿಸಿಟ್ಟಿದ್ದ ಕುಕ್ಕೆ. ಅವಳ ಹಿಂದೆ, ಕುಕ್ಕೆಯ ಇನ್ನೊಂದು ಕಿವಿ ಹಿಡಿದುಕೊಂಡು, ಸಿದ್ದರಾಜು ನಿಂತಿದ್ದ.

ಚಿಕ್ಕಮಾದಮ್ಮ ಕೆಚ್ಚಲಿನಿಂದ ಕೈ ತೆಗೆಯದೆ ಕುಕ್ಕೆಯ ಅಗಲವನ್ನೂ ಮೈದುನನ ಮುಖವನ್ನೂ ನೋಡಿದಳು. ಹಾಲಿನ ಚೊಂಬು ಪಕ್ಕಕ್ಕಿಟ್ಟು ಎದ್ದು, ಎಮ್ಮೆಯ ಹಗ್ಗ ಬಿಚ್ಚಿದಳು.

"ಮೊದ್ಲು ಚಪ್ಪಡಿ ತೆಗೆದು ಗಾಳಿ ಆಡಕ್ಕೆ ಬುಡಿ," ಎಂದಳು. "ಮಧ್ಯಾಹ್ನದಗಂಟ."